ನಡುವಿನ ಕೈಗಳು: ಒಂದು ಪ್ಯಾಕೇಜಿನ ಚರಿತ್ರೆ

ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಆವೃತ್ತಿಗಳ ಪಟ್ಟಿಯಲ್ಲಿ 1.0 ಇಲ್ಲ. 0.93 ಆದ ಮೇಲೆ ನೇರವಾಗಿ 1.1 ಬರುತ್ತದೆ. ಇದು ಎಣಿಕೆ ತಪ್ಪಿ ಆದದ್ದಲ್ಲ. 1995ರ ಕೊನೆಯಲ್ಲಿ ಇನ್ಫೋಮ್ಯಾಜಿಕ್ ಎಂಬ ಕಂಪನಿ ಐದು ಸಿಡಿಗಳ ಕಟ್ಟೊಂದನ್ನು ಮಾರಾಟಕ್ಕೆ ತಂದಿತು. ಇನ್ನೂ ಕೆಲಸ ನಡೆಯುತ್ತಿದ್ದ, ಅರ್ಧಂಬರ್ಧ ತಯಾರಾಗಿದ್ದ ಡೆಬಿಯನ್ನಿನ ಕಡತಗಳನ್ನು ಎತ್ತಿಕೊಂಡು ‘ಡೆಬಿಯನ್ 1.0’ ಎಂಬ ಹೆಸರಿನಲ್ಲಿ ಅದರೊಳಗೆ ಸೇರಿಸಿತ್ತು. ಆ ಸಿಡಿ ಹಾಕಿದರೆ ಕಂಪ್ಯೂಟರ್ ಶುರುವಾಗುವುದೇ ಅನುಮಾನ ಎಂದು ಡೆಬಿಯನ್ ತಂಡ ಪ್ರಕಟಣೆ ಹೊರಡಿಸಬೇಕಾಯಿತು. ಗೊಂದಲ ಬೇಡವೆಂದು ಆ ಸಂಖ್ಯೆಯನ್ನೇ ಕೈಬಿಟ್ಟು 1996ರ ಜೂನ್‌ನಲ್ಲಿ 1.1 ಬಿಡುಗಡೆ ಮಾಡಿದರು. ತಯಾರಿಯಲ್ಲಿರುವ ಆವೃತ್ತಿಯನ್ನು ಸಂಖ್ಯೆಯ ಬದಲು ಒಂದು ಹೆಸರಿನಿಂದ ಕರೆಯುವ ರೂಢಿಯೂ ಆಗಲೇ ಬಂತು. ಆಗಿನ ನಾಯಕ ಬ್ರೂಸ್ ಪೆರೆನ್ಸ್ ಪಿಕ್ಸಾರ್ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದರು. ಹಾಗಾಗಿ ‘ಟಾಯ್ ಸ್ಟೋರಿ’ ಚಿತ್ರದ ಗೊಂಬೆಗಳ ಹೆಸರುಗಳು ಡೆಬಿಯನ್ನಿಗೆ ಅಂಟಿಕೊಂಡವು. 1.1ಕ್ಕೆ ಬಂದ ಹೆಸರು ‘ಬಜ್’.

ಹೊರಗಿನವರಿಗೆ ಇದೊಂದು ಸಣ್ಣ ಎಡವಟ್ಟು. ನನಗೆ ಮಾತ್ರ ಇದರಲ್ಲಿ ಒಂದು ದೊಡ್ಡ ಪ್ರಶ್ನೆ ಕಾಣುತ್ತದೆ. ಕಡತಗಳು ಎಲ್ಲರಿಗೂ ಸಿಗುತ್ತವೆ, ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು. ಹಾಗಿರುವಾಗ ‘ಇದು ಸಿದ್ಧವಾಗಿದೆ, ನಂಬಿ ಬಳಸಿ’ ಎಂದು ಹೇಳುವವರು ಯಾರು? ಆ ಮಾತು ಹೇಳಲು ಅವರಿಗೆ ಅಧಿಕಾರ ಎಲ್ಲಿಂದ ಬಂತು? ತಂತ್ರಾಂಶದ ಚರಿತ್ರೆಯೆಂದರೆ ನಾವು ಸಾಮಾನ್ಯವಾಗಿ ಓದುವುದು ಅದನ್ನು ಬರೆದವರ ಕಥೆ. ರಿಚರ್ಡ್ ಸ್ಟಾಲ್ಮನ್, ಲೈನಸ್ ಟೋರ್ವಾಲ್ಡ್ಸ್ ಅಂಥವರ ಹೆಸರು ಪಠ್ಯಪುಸ್ತಕಗಳಲ್ಲೂ ಇರುತ್ತದೆ. ಬರೆದವರಿಗೂ ಬಳಸುವವರಿಗೂ ನಡುವೆ ಇನ್ನೊಂದು ವರ್ಗದ ಜನ ಇದ್ದಾರೆ. ಇನ್ನೊಬ್ಬರು ಬರೆದ ತಂತ್ರಾಂಶವನ್ನು ತಂದು, ಪರೀಕ್ಷಿಸಿ, ಬೇಕಾದಲ್ಲಿ ತಿದ್ದಿ, ಅಚ್ಚುಕಟ್ಟಾದ ಪೊಟ್ಟಣ ಮಾಡಿ ವಿತರಣೆಯೊಳಗೆ ಸೇರಿಸುವವರು ಅವರು. ಮೇಂಟೈನರ್ ಎಂದು ಅವರನ್ನು ಕರೆಯುತ್ತಾರೆ. ಈ ಬರಹ ಅವರ ಕೆಲಸದ ಬಗ್ಗೆ.

1991ರಲ್ಲಿ ಟೋರ್ವಾಲ್ಡ್ಸ್ ಲಿನಕ್ಸನ್ನು ಜಗತ್ತಿಗೆ ತಿಳಿಸಿದಾಗ ಅದು ಬರಿಯ ಕರ್ನಲ್, ಅಂದರೆ ಕಂಪ್ಯೂಟರಿನ ಯಂತ್ರಭಾಗವನ್ನು ಹಿಡಿತದಲ್ಲಿಡುವ ತಿರುಳು. ಅದರ ಮೇಲೆ ಕೆಲಸ ಮಾಡಲು ಬೇಕಾದ ಸಾಧನಗಳನ್ನೆಲ್ಲ ಸ್ಟಾಲ್ಮನ್ನರ ಗ್ನೂ ಯೋಜನೆಯಿಂದ, ವಿಶ್ವವಿದ್ಯಾಲಯಗಳಿಂದ, ಬಿಡಿ ಬಿಡಿ ಲೇಖಕರಿಂದ ಬಳಕೆದಾರನೇ ಹುಡುಕಿ ತಂದು ಕಂಪೈಲ್ ಮಾಡಿಕೊಳ್ಳಬೇಕಿತ್ತು. ಮನೆ ಕಟ್ಟಬೇಕೆಂದವನಿಗೆ ಇಟ್ಟಿಗೆ ಒಂದೂರಲ್ಲಿ, ಮರಳು ಇನ್ನೊಂದೂರಲ್ಲಿ ಸಿಕ್ಕಂತೆ. ಇವನ್ನೆಲ್ಲ ಒಟ್ಟುಮಾಡಿ ಕೊಡುವ ಕಟ್ಟುಗಳು ಬೇಗನೆ ಹುಟ್ಟಿಕೊಂಡವು. ಅವುಗಳಲ್ಲಿ 1992ರ ಎಸ್ಎಲ್ಎಸ್ ಹೆಚ್ಚು ಜನಪ್ರಿಯವಾಗಿತ್ತು, ಅಷ್ಟೇ ದೋಷಗಳಿಂದಲೂ ತುಂಬಿತ್ತು. ಅದರ ಮೇಲಿನ ಅಸಮಾಧಾನದಿಂದ 1993ರಲ್ಲಿ ಎರಡು ಹೊಸ ವಿತರಣೆಗಳು ಹುಟ್ಟಿದವು. ಒಂದು ಪ್ಯಾಟ್ರಿಕ್ ವೋಲ್ಕರ್ಡಿಂಗ್ ಅವರ ಸ್ಲ್ಯಾಕ್‌ವೇರ್. ಇನ್ನೊಂದನ್ನು ಆ ವರ್ಷ ಆಗಸ್ಟ್ 16ರಂದು ಪ್ರಕಟಿಸಿದವರು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಇಪ್ಪತ್ತು ವರ್ಷದ ಇಯನ್ ಮರ್ಡಾಕ್. ಗೆಳತಿ ಡೆಬ್ರಾ ಮತ್ತು ತನ್ನ ಹೆಸರು ಎರಡನ್ನೂ ಸಂಧಿ ಮಾಡಿ ಅವರು ಇಟ್ಟ ಹೆಸರೇ ಡೆಬಿಯನ್.

ಮರ್ಡಾಕ್ ಬರೆದ ‘ಡೆಬಿಯನ್ ಮ್ಯಾನಿಫೆಸ್ಟೋ’ದಲ್ಲಿ ಒಂದು ಮುಖ್ಯ ವಿಚಾರವಿದೆ. ಕಟ್ಟುವ ಕೆಲಸ ಬರೆಯುವ ಕೆಲಸದಷ್ಟೇ ಮಹತ್ವದ್ದು. ಅದನ್ನು ಒಬ್ಬನೇ ಕೂತು ಮಾಡುವ ಬದಲು ಕರ್ನಲ್ ಬೆಳೆದ ಹಾಗೆಯೇ ಎಲ್ಲರ ಕಣ್ಣೆದುರು, ಹಲವರ ಕೈಯಿಂದ ಮಾಡಬೇಕು ಎಂಬುದು ಆ ವಿಚಾರ. ಹಲವರು ಸೇರಿ ಮಾಡಬೇಕೆಂದರೆ ಕೆಲಸವನ್ನು ತುಂಡು ಮಾಡಬೇಕು. ಆ ತುಂಡೇ ಪ್ಯಾಕೇಜು. ಒಂದೊಂದು ಪ್ಯಾಕೇಜಿಗೆ ಒಬ್ಬ ಹೊಣೆಗಾರ. ತುಂಡುಗಳು ಒಂದಕ್ಕೊಂದು ಹೊಂದಿಕೊಳ್ಳಬೇಕಾದರೆ ಎಲ್ಲರೂ ಒಪ್ಪುವ ನಿಯಮ ಬೇಕು. ಹೀಗೆ ಡಿಪಿಕೆಜಿ ಎಂಬ ಸಾಧನ ಬಂತು. 1994ರಲ್ಲಿ ಇಯನ್ ಜಾಕ್ಸನ್ ಅದನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದರು. ಪ್ಯಾಕೇಜು ಹೇಗಿರಬೇಕೆಂದು ವಿಧಿಸುವ ನೀತಿಸಂಹಿತೆ ಬಂತು. 1.1ರಲ್ಲಿ 474 ಪ್ಯಾಕೇಜುಗಳಿದ್ದವು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಅವುಗಳ ಸಂಖ್ಯೆ 69,830 ದಾಟಿತ್ತು. ಉಬುಂಟು ಸೇರಿ ಹತ್ತಾರು ವಿತರಣೆಗಳು ಇದೇ ಕಣಜದಿಂದ ಕಾಳು ಅಳೆದುಕೊಳ್ಳುತ್ತವೆ.

ಪ್ಯಾಕೇಜು ತಯಾರಾಗುವುದು ಹೇಗೆ? ನಮಗೆ ಹತ್ತಿರದ ಉದಾಹರಣೆಯಾಗಿ ಕನ್ನಡದ ಒಂದು ಫಾಂಟನ್ನು ತೆಗೆದುಕೊಳ್ಳೋಣ. ಡೆಬಿಯನ್ನಿನಲ್ಲಿ ‘ಗುಬ್ಬಿ’ ಎಂಬ ಫಾಂಟ್ ಇದೆ, ಕೈಬರಹದ ಶೈಲಿಯ ‘ನವಿಲು’ ಇದೆ, ‘ಲೋಹಿತ್ ಕನ್ನಡ’ ಇದೆ. ಇಂಥದ್ದೊಂದು ಫಾಂಟನ್ನು ಯಾರೋ ವಿನ್ಯಾಸ ಮಾಡಿ ಮುಕ್ತ ಪರವಾನಗಿಯಲ್ಲಿ ಬಿಟ್ಟರು ಎಂದುಕೊಳ್ಳಿ. ಅಷ್ಟಕ್ಕೇ ಅದು ಡೆಬಿಯನ್ನಿನೊಳಗೆ ಬರುವುದಿಲ್ಲ. ಮೊದಲು ಒಬ್ಬರು ಮುಂದೆ ಬಂದು ‘ಇದನ್ನು ಪ್ಯಾಕೇಜ್ ಮಾಡಬೇಕೆಂದಿದ್ದೇನೆ’ ಎಂದು ಬಹಿರಂಗವಾಗಿ ದಾಖಲಿಸಬೇಕು. ಇಬ್ಬರು ಒಂದೇ ಕೆಲಸ ಹಿಡಿಯದಿರಲಿ ಎಂದು ಈ ಕ್ರಮ. ಆಮೇಲೆ ಫಾಂಟಿನ ಮೂಲ ಕಡತಗಳ ಜೊತೆ ‘ಡೆಬಿಯನ್’ ಎಂಬ ಹೆಸರಿನದೇ ಒಂದು ಫೋಲ್ಡರ್ ಸೇರಿಸಬೇಕು. ಮೇಂಟೈನರನ ಕೆಲಸವೆಲ್ಲ ಈ ಫೋಲ್ಡರಿನಲ್ಲಿರುತ್ತದೆ. ಮೂಲ ಲೇಖಕನ ಬರಹ ಯಾವುದು, ನಡುವಿನವನ ಬರಹ ಯಾವುದು ಎಂಬುದು ಬೆರೆತುಹೋಗಬಾರದು.

ಆ ಫೋಲ್ಡರಿನಲ್ಲಿ ನಾಲ್ಕು ಕಡತಗಳು ಮುಖ್ಯ. ‘ಕಂಟ್ರೋಲ್’ ಎಂಬುದು ಪ್ಯಾಕೇಜಿನ ಜಾತಕ: ಹೆಸರು, ಹೊಣೆಗಾರ, ಯಾವ ಯಾವ ಬೇರೆ ಪ್ಯಾಕೇಜುಗಳ ಆಸರೆ ಬೇಕು, ಒಂದು ಸಾಲಿನ ಪರಿಚಯ, ಆಮೇಲೆ ವಿವರ. ‘ರೂಲ್ಸ್’ ಎಂಬುದು ಅಡುಗೆಯ ಕ್ರಮ: ಮೂಲದಿಂದ ಸಿದ್ಧವಸ್ತುವನ್ನು ಹೇಗೆ ತಯಾರಿಸಬೇಕು ಎಂಬ ಆದೇಶಗಳು. ‘ಚೇಂಜ್‌ಲಾಗ್’ನಲ್ಲಿ ಪ್ರತಿ ಆವೃತ್ತಿಯಲ್ಲಿ ಏನು ಬದಲಾಯಿತು ಎಂಬ ವರದಿ, ಪ್ರತಿ ವರದಿಯ ಕೊನೆಗೆ ಮಾಡಿದವರ ಹೆಸರು, ತಾರೀಖು, ಸೆಕೆಂಡಿನವರೆಗೆ ಸಮಯ. ನಾಲ್ಕನೆಯದು ‘ಕಾಪಿರೈಟ್’. ಹೊಸಬರು ಹೆಚ್ಚು ಎಡವುವುದು ಇಲ್ಲೇ. ಪ್ರತಿಯೊಂದು ಕಡತದ ಹಕ್ಕು ಯಾರದ್ದು, ಯಾವ ಪರವಾನಗಿ ಎಂದು ಇದರಲ್ಲಿ ಬರೆಯಬೇಕು. ಫಾಂಟಿನ ಜೊತೆ ಬಂದ ಪುಟ್ಟ ಸ್ಕ್ರಿಪ್ಟನ್ನು ಬೇರೊಬ್ಬರು ಬರೆದಿದ್ದರೆ ಅದನ್ನೂ ನಮೂದಿಸಬೇಕು.

ಫಾಂಟಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಪ್ರಶ್ನೆ ಏಳುತ್ತದೆ. ಅದರ ‘ಮೂಲ’ ಯಾವುದು? ನಾವು ಬಳಸುವ ಫಾಂಟ್ ಕಡತ ಸಿದ್ಧವಸ್ತು. ವಿನ್ಯಾಸಕಾರರು ಕ, ಖ, ಗಗಳ ದುಂಡನೆಯ ಗೆರೆಗಳನ್ನು ತಿದ್ದಿದ್ದು, ಯಾವ ವ್ಯಂಜನದ ಕೆಳಗೆ ಯಾವ ಒತ್ತು ಹೇಗೆ ಕೂರಬೇಕು ಎಂಬ ನಿಯಮ ಬರೆದದ್ದು ಬೇರೊಂದು ಕಡತದಲ್ಲಿ. ಮುಂದೆ ಯಾರಾದರೂ ‘ಷ್ಟ್ರ’ದ ಒತ್ತು ಸರಿಮಾಡಬೇಕೆಂದರೆ ಆ ಕಡತವೇ ಬೇಕು. ಆದ್ದರಿಂದ ತಿದ್ದಲು ಬರುವ ರೂಪವನ್ನು ತಂದು, ಅದರಿಂದಲೇ ಫಾಂಟನ್ನು ತಯಾರಿಸುವುದು ಉತ್ತಮ ಕ್ರಮ ಎನಿಸಿಕೊಳ್ಳುತ್ತದೆ. ಕನ್ನಡದ ಮಟ್ಟಿಗೆ ಇದು ಒಣ ಶಿಷ್ಟಾಚಾರ ಅಲ್ಲ. ಮೂಲ ಕೈಗೆ ಸಿಗದ ಫಾಂಟಿನಲ್ಲಿ ದೋಷ ಉಳಿದರೆ, ಮಾಡಿದವರು ಆ ಕೆಲಸ ಬಿಟ್ಟ ದಿನದಿಂದ ಆ ದೋಷ ಶಾಶ್ವತ.

ಇಷ್ಟಾದ ಮೇಲೆ ಖಾಲಿ ವ್ಯವಸ್ಥೆಯೊಂದರಲ್ಲಿ ಪ್ಯಾಕೇಜನ್ನು ಕಟ್ಟಿ ನೋಡಬೇಕು. ತನ್ನ ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಯಾವುದೋ ಸಾಧನದ ಬಲದಿಂದ ಅದು ತಯಾರಾಗಿರಬಹುದು. ಖಾಲಿ ಕೋಣೆಯಲ್ಲಿ ಆ ಗುಟ್ಟು ಬಯಲಾಗುತ್ತದೆ. ‘ಲಿಂಟಿಯನ್’ ಎಂಬ ಪರೀಕ್ಷಕ ತಂತ್ರಾಂಶ ಕಡ್ಡಾಯದ ತಪ್ಪಿನಿಂದ ಕಾಗುಣಿತದವರೆಗೆ ಎಲ್ಲವನ್ನೂ ಹೆಕ್ಕಿ ತೋರಿಸುತ್ತದೆ. ಹೊಸಬರಿಗೆ ನೇರವಾಗಿ ಒಳಗೆ ಹಾಕುವ ಅಧಿಕಾರವಿಲ್ಲ. ಡೆಬಿಯನ್ನಿನ ಸದಸ್ಯರೊಬ್ಬರು ನೋಡಿ, ಒಪ್ಪಿ, ತಮ್ಮ ಡಿಜಿಟಲ್ ಸಹಿ ಹಾಕಿ ಏರಿಸಬೇಕು. ಆಮೇಲೂ ಹೊಸ ಪ್ಯಾಕೇಜುಗಳ ಸರದಿಯಲ್ಲಿ ಕಾಯಬೇಕು. ಭಂಡಾರದ ಮೇಲ್ವಿಚಾರಕರು ಕಾಪಿರೈಟ್ ಕಡತವನ್ನು ಮೂಲದ ಜೊತೆ ಹೋಲಿಸಿ ನೋಡುತ್ತಾರೆ. ಒಂದು ಹೆಸರು ಬಿಟ್ಟುಹೋಗಿದ್ದರೂ ವಾಪಸ್ ಬರಬಹುದು. ಒಪ್ಪಿತವಾದರೆ ಅದು ಸೇರುವುದು ‘ಅನ್‌ಸ್ಟೇಬಲ್’ ಎಂಬ ಅಂಗಳಕ್ಕೆ. ಅದರ ಅಡ್ಡಹೆಸರು ‘ಸಿಡ್’, ಚಿತ್ರದಲ್ಲಿ ಗೊಂಬೆಗಳನ್ನು ಮುರಿಯುವ ಪಕ್ಕದ ಮನೆ ಹುಡುಗ. ಅಲ್ಲಿ ಕೆಲವು ದಿನ ದೊಡ್ಡ ದೂರುಗಳಿಲ್ಲದೆ ಉಳಿದರೆ ‘ಟೆಸ್ಟಿಂಗ್’ಗೆ, ಸುಮಾರು ಎರಡು ವರ್ಷಕ್ಕೊಮ್ಮೆ ಟೆಸ್ಟಿಂಗ್ ಹದವಾದಾಗ ‘ಸ್ಟೇಬಲ್’ಗೆ.

ಒಂದು ಫಾಂಟಿಗೆ ಇಷ್ಟೆಲ್ಲ ಸಾಹಸ ಏಕೆ ಎನ್ನಿಸಬಹುದು. ಇದರಿಂದ ಆಗುವುದು ಇಷ್ಟು: ಹಳೆಯ ಕಂಪ್ಯೂಟರಿಗೆ ಯಾರಾದರೂ ಡೆಬಿಯನ್ ಹಾಕಿ ಒಂದು ಆದೇಶ ಕೊಟ್ಟರೆ ಕನ್ನಡದ ಫಾಂಟುಗಳು ಬಂದು ಕೂರುತ್ತವೆ. ಡಬ್ಬಿ ಡಬ್ಬಿಯಾಗಿ ಕಾಣುತ್ತಿದ್ದ ಪುಟದಲ್ಲಿ ಅಕ್ಷರ ಮೂಡುತ್ತದೆ. ಎಲ್ಲಿಂದಲೋ ಕಡತ ಇಳಿಸಿಕೊಂಡು, ಅದು ಸಾಚಾವೋ ಅಲ್ಲವೋ ಎಂದು ಅಳುಕುವ ಪ್ರಮೇಯ ಇಲ್ಲ. ಕನ್ನಡ ಗಣಕ ಪರಿಷತ್ತಿನ ಹೆಸರಿನ ಕೀಲಿಮಣೆ ವಿನ್ಯಾಸವೂ ಇದೇ ದಾರಿಯಲ್ಲಿ ಲಿನಕ್ಸ್ ವಿತರಣೆಗಳೊಳಗೆ ಬಂದು ನಿಂತಿದೆ.

ಈಗ ಈ ಕೆಲಸದ ಹೃದಯದಲ್ಲಿರುವ ಪ್ರಶ್ನೆಗೆ ಬರುತ್ತೇನೆ. ಮೇಂಟೈನರನಿಗೆ ಇನ್ನೊಬ್ಬರ ಕೃತಿಯನ್ನು ತಿದ್ದುವ ಹಕ್ಕು ಎಷ್ಟಿದೆ?

ಕನ್ನಡ ಸಾಹಿತ್ಯ ಓದಿದವರಿಗೆ ಇದು ಹೊಸ ಪ್ರಶ್ನೆಯಲ್ಲ. ಗ್ರಂಥಸಂಪಾದನೆಯ ಪಾಠದಲ್ಲಿ ನಾವೆಲ್ಲ ಇದನ್ನೇ ಕಲಿಯುತ್ತೇವೆ. ಓಲೆಗರಿಯ ಪ್ರತಿಗಳನ್ನು ಹೋಲಿಸಿ, ಒಂದು ಪಾಠವನ್ನು ಸ್ವೀಕರಿಸಿ, ಉಳಿದ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವ ಸಂಪಾದಕ ಕವಿಯ ಮಾತನ್ನು ತನ್ನಿಷ್ಟದಂತೆ ತಿದ್ದುವ ಹಾಗಿಲ್ಲ. ಕಣ್ಣಿಗೆ ಕಾಣುವ ಲಿಪಿಕಾರನ ತಪ್ಪನ್ನು ಹಾಗೇ ಬಿಡುವ ಹಾಗೂ ಇಲ್ಲ. ತಿದ್ದಿದರೆ ತಿದ್ದಿದ್ದೇನೆಂದು ಹೇಳಬೇಕು. ಡೆಬಿಯನ್ನಿನ ಮೂಲ ಪ್ಯಾಕೇಜಿನಲ್ಲಿ ಇವತ್ತು ‘ಪ್ಯಾಚಸ್’ ಎಂಬ ಫೋಲ್ಡರ್ ಇರುತ್ತದೆ. ಮೂಲವನ್ನು ಬಂದ ಹಾಗೇ ಇಟ್ಟು, ತಿದ್ದುಪಡಿಗಳನ್ನೆಲ್ಲ ಬಿಡಿ ಬಿಡಿಯಾಗಿ ಅದರಲ್ಲಿ ಇಡುತ್ತಾರೆ. ಏಕೆ ತಿದ್ದಿದ್ದು, ಯಾರು ತಿದ್ದಿದ್ದು, ಮೂಲ ಲೇಖಕನಿಗೆ ತಿಳಿಸಿದ್ದಾಯಿತೇ ಎಂಬ ಟಿಪ್ಪಣಿ ತಿದ್ದುಪಡಿಯ ಮೇಲ್ಭಾಗದಲ್ಲಿರುವುದು ಒಳ್ಳೆಯ ಪದ್ಧತಿ. ನನಗೆ ಇದು ಅಡಿಟಿಪ್ಪಣಿಯ ಪಾಠಾಂತರಗಳಂತೆಯೇ ಕಾಣುತ್ತದೆ.

ತಿದ್ದುವ ಹಕ್ಕಿನ ವಿಷಯದಲ್ಲಿ ಡೆಬಿಯನ್ ಬಹಳ ಬಿಗಿ. 1997ರ ಜುಲೈನಲ್ಲಿ ಅದು ಒಂದು ‘ಸಾಮಾಜಿಕ ಒಪ್ಪಂದ’ವನ್ನು ಅಂಗೀಕರಿಸಿತು. ಯಾವ ತಂತ್ರಾಂಶ ಮುಕ್ತ, ಯಾವುದು ಅಲ್ಲ ಎಂಬುದನ್ನು ನಿರ್ಧರಿಸುವ ಮಾರ್ಗಸೂತ್ರಗಳು ಅದರ ಭಾಗವಾಗಿದ್ದವು. ಮರುವರ್ಷ ‘ಓಪನ್ ಸೋರ್ಸ್’ ಎಂಬ ಪದ ಚಾಲ್ತಿಗೆ ಬಂದಾಗ ಅದರ ಅಧಿಕೃತ ವ್ಯಾಖ್ಯೆ ರೂಪುಗೊಂಡದ್ದು ಇದೇ ಮಾರ್ಗಸೂತ್ರಗಳಿಂದ. ಬದಲಿಸಲು, ಬದಲಿಸಿದ್ದನ್ನು ಹಂಚಲು ಅನುಮತಿ ಇಲ್ಲದ್ದಕ್ಕೆ ಡೆಬಿಯನ್ನಿನ ಮುಖ್ಯ ಭಂಡಾರದಲ್ಲಿ ಜಾಗವಿಲ್ಲ. ಈ ನಿಯಮ ಮುಂದೆ ಮುಕ್ತ ತಂತ್ರಾಂಶದ ಪಿತಾಮಹನ ಕೃತಿಗೂ ತಗುಲಿತು. ಗ್ನೂ ಯೋಜನೆಯ ಕೆಲವು ಕೈಪಿಡಿಗಳ ಪರವಾನಗಿಯಲ್ಲಿ ‘ಈ ಅಧ್ಯಾಯಗಳನ್ನು ಯಾರೂ ಬದಲಿಸಕೂಡದು’ ಎಂಬ ಷರತ್ತಿತ್ತು. 2006ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ, ಬದಲಿಸಲಾಗದ ಭಾಗಗಳಿಲ್ಲದ ಕೈಪಿಡಿಗಳು ಮುಕ್ತ, ಇರುವವು ಅಲ್ಲ ಎಂದು ತೀರ್ಮಾನಿಸಿದರು. ಸ್ಟಾಲ್ಮನ್ನರ ಈಮ್ಯಾಕ್ಸ್ ತಂತ್ರಾಂಶದ ಕೈಪಿಡಿಯೇ ಮುಖ್ಯ ಭಂಡಾರದಿಂದ ಹೊರಗೆ ಹೋಯಿತು. ಒಬ್ಬನ ಅಭಿಪ್ರಾಯದ ಬರಹವನ್ನು ಬೇರೆಯವರು ತಿರುಚಬಾರದು ಎಂಬ ಸ್ಟಾಲ್ಮನ್ನರ ವಾದದಲ್ಲಿ ಹುರುಳಿದೆ. ಸಾಹಿತ್ಯದವರಾದ ನಮಗೆ ಅದು ಸಹಜವಾಗಿಯೇ ಒಪ್ಪಿತ. ಆದರೆ ಹಳತಾದ ಅಧ್ಯಾಯವನ್ನು ಕಿತ್ತುಹಾಕಲೂ ಆಗದ ಕೈಪಿಡಿ ಎಂಥ ಕೈಪಿಡಿ ಎಂಬ ಎದುರು ಪ್ರಶ್ನೆಯೂ ಅಷ್ಟೇ ನ್ಯಾಯವಾದದ್ದು.

ಅದೇ ವರ್ಷ ಇನ್ನೊಂದು ಜಗಳವಾಯಿತು. ಮೊಜಿಲ್ಲಾ ಸಂಸ್ಥೆ, ‘ಫೈರ್‌ಫಾಕ್ಸ್’ ಎಂಬ ಹೆಸರು ಬಳಸಬೇಕಾದರೆ ನಮ್ಮ ಲಾಂಛನವನ್ನೂ ಬಳಸಬೇಕು, ನೀವು ಮಾಡುವ ತಿದ್ದುಪಡಿಗಳಿಗೆ ನಮ್ಮ ಒಪ್ಪಿಗೆಯೂ ಬೇಕು ಎಂದಿತು. ಲಾಂಛನದ ಪರವಾನಗಿ ಮುಕ್ತವಾಗಿರಲಿಲ್ಲ. ಹಳೆಯ ಆವೃತ್ತಿಗೆ ಭದ್ರತೆಯ ತೇಪೆ ಹಾಕಲು ಪ್ರತಿ ಸಲ ಅನುಮತಿ ಬೇಡುವುದೂ ಡೆಬಿಯನ್ನಿಗೆ ಒಗ್ಗದ ಮಾತು. ಡೆಬಿಯನ್ ಹೆಸರನ್ನೇ ಬದಲಿಸಿತು. ಬೆಂಕಿಗೆ ಎದುರಾಗಿ ಮಂಜು, ನರಿಗೆ ಎದುರಾಗಿ ಮುಂಗುಸಿಯನ್ನು ಹೋಲುವ ವೀಸೆಲ್ ಪ್ರಾಣಿ: ‘ಐಸ್‌ವೀಸೆಲ್’. ಹತ್ತು ವರ್ಷ ಅದೇ ಹೆಸರಿನಲ್ಲಿ ನಡೆದು, ಎರಡೂ ಕಡೆ ರಾಜಿಯಾಗಿ 2016ರಲ್ಲಿ ಫೈರ್‌ಫಾಕ್ಸ್ ಮರಳಿತು. ಕೃತಿಯನ್ನು ತಿದ್ದುವ ಹಕ್ಕು ಇದ್ದರೂ, ತಿದ್ದಿದ ಕೃತಿಗೆ ಮೂಲದ ಹೆಸರನ್ನೇ ಇಟ್ಟುಕೊಳ್ಳುವ ಹಕ್ಕು ಬೇರೆ ಎಂಬುದು ಆ ಜಗಳದಲ್ಲಿ ಸ್ಪಷ್ಟವಾಯಿತು.

ಈ ಎರಡೂ ಜಗಳಗಳಲ್ಲಿ ನನ್ನ ಮನಸ್ಸು ಡೆಬಿಯನ್ನಿನ ಕಡೆಗೇ ವಾಲುತ್ತದೆ. ಆದರೆ ಇದೇ 2006ರಲ್ಲಿ ಈ ಹಕ್ಕಿನ ಇನ್ನೊಂದು ಮುಖವೂ ಯಾರಿಗೂ ತಿಳಿಯದಂತೆ ರೂಪುಗೊಳ್ಳುತ್ತಿತ್ತು.

ಓಪನ್‌ಎಸ್‌ಎಸ್‌ಎಲ್ ಎಂಬುದು ಗುಪ್ತಲಿಪಿಯ ತಂತ್ರಾಂಶ. ಬ್ಯಾಂಕಿನ ವ್ಯವಹಾರದಿಂದ ಸರ್ವರ್‌ಗಳ ಬೀಗದವರೆಗೆ ಎಷ್ಟೋ ಕಡೆ ಅದರ ಬಳಕೆ. ಅದು ಕೀಲಿ ತಯಾರಿಸುವಾಗ ಊಹಿಸಲಾಗದ ಸಂಖ್ಯೆಗಳು ಬೇಕು. ಕಂಪ್ಯೂಟರಿನ ಬೇರೆ ಬೇರೆ ಮೂಲೆಗಳಿಂದ ಯಾದೃಚ್ಛಿಕ ಮಾಹಿತಿಯನ್ನು ಹೆಕ್ಕಿ ಒಂದು ಪಾತ್ರೆಗೆ ಸುರಿದು ಕಲಕಿದ ಹಾಗೆ ಅದು ಕೆಲಸ ಮಾಡುತ್ತದೆ. ತಂತ್ರಾಂಶಗಳ ಸ್ಮೃತಿದೋಷಗಳನ್ನು ಪತ್ತೆಮಾಡುವ ‘ವ್ಯಾಲ್‌ಗ್ರಿಂಡ್’ ಎಂಬ ಸಾಧನ, ಓಪನ್‌ಎಸ್‌ಎಸ್‌ಎಲ್ ಬೆಲೆ ತುಂಬದ ಸ್ಮೃತಿಯನ್ನು ಓದುತ್ತಿದೆ ಎಂದು ಎಚ್ಚರಿಸಿತು. ಡೆಬಿಯನ್ನಿನಲ್ಲಿ ಅದರ ಹೊಣೆ ಹೊತ್ತವರು ಆ ಎಚ್ಚರಿಕೆಯನ್ನು ನಿಲ್ಲಿಸಲು ಎರಡು ಸಾಲು ತೆಗೆದರು. ತೆಗೆಯುವ ಮುನ್ನ ಮೂಲ ಯೋಜನೆಯವರನ್ನು ಕೇಳಿದ್ದರು. ಬಂದ ಉತ್ತರ ಬೇಡವೆಂದೇನೂ ಹೇಳಿರಲಿಲ್ಲ. ಎರಡರಲ್ಲಿ ಒಂದು ಸಾಲು ಹೋಗಿದ್ದರಿಂದ ನಷ್ಟವಿರಲಿಲ್ಲ. ಇನ್ನೊಂದು, ಪಾತ್ರೆಗೆ ಸುರಿಯುವ ಸಾಲೇ ಆಗಿತ್ತು. ಅದು ಹೋದ ಮೇಲೆ ಉಳಿದ ಏಕೈಕ ಅನಿಶ್ಚಿತತೆ ಎಂದರೆ ಚಾಲನೆಯಲ್ಲಿರುವ ಪ್ರೋಗ್ರಾಮಿಗೆ ವ್ಯವಸ್ಥೆ ಕೊಡುವ ಕ್ರಮಸಂಖ್ಯೆ. ಹಾಗಾಗಿ ಒಂದು ಬಗೆಯ ಯಂತ್ರದಲ್ಲಿ, ಒಂದು ಅಳತೆಯ ಕೀಲಿಗೆ ಸುಮಾರು 32 ಸಾವಿರ ಸಾಧ್ಯತೆಗಳಷ್ಟೇ ಉಳಿದವು. ಒಂದು ಮಧ್ಯಾಹ್ನದಲ್ಲಿ ಎಲ್ಲವನ್ನೂ ಪ್ರಯತ್ನಿಸಿ ಬೀಗ ತೆಗೆಯಬಹುದಾದಷ್ಟು.

2006ರ ಸೆಪ್ಟೆಂಬರಿನಲ್ಲಿ ಒಳಬಂದ ಈ ದೋಷ ಬಯಲಾದದ್ದು 2008ರ ಮೇ 13ರಂದು, ಲೂಸಿಯಾನೋ ಬೆಲ್ಲೋ ಎಂಬ ಡೆಬಿಯನ್ ಸದಸ್ಯರು ಪತ್ತೆಮಾಡಿದ ಮೇಲೆ. ಇಪ್ಪತ್ತು ತಿಂಗಳು. ಅಷ್ಟರಲ್ಲಿ ಡೆಬಿಯನ್, ಉಬುಂಟುಗಳಲ್ಲಿ ತಯಾರಾದ ಕೀಲಿಗಳನ್ನೆಲ್ಲ ಬಿಸಾಡಿ ಹೊಸದಾಗಿ ಮಾಡಿಕೊಳ್ಳಬೇಕಾಯಿತು. ದುರ್ಬಲ ಕೀಲಿಗಳ ಕಪ್ಪುಪಟ್ಟಿಯೊಂದನ್ನೇ ಪ್ಯಾಕೇಜ್ ಮಾಡಿ ಹಂಚಿದರು.

ಈ ಪ್ರಸಂಗವನ್ನು ಒಬ್ಬ ವ್ಯಕ್ತಿಯ ಅಜಾಗರೂಕತೆ ಎಂದು ಮುಗಿಸುವುದು ಸುಲಭ. ನಾನು ಹಾಗೆ ಓದಲಾರೆ. ಎಚ್ಚರಿಕೆ ನಿಜವಾದದ್ದು, ಉದ್ದೇಶ ಒಳ್ಳೆಯದು, ಕೇಳಿಯೂ ಆಗಿತ್ತು. ಕೊರತೆ ಇದ್ದದ್ದು ನಡುವಿನ ಜಾಗದಲ್ಲಿ. ತೆಗೆದ ಸಾಲು ಏನು ಮಾಡುತ್ತಿತ್ತೆಂದು ಬಲ್ಲ ಮೂಲ ಲೇಖಕರು ಅಂತಿಮ ತಿದ್ದುಪಡಿಯನ್ನು ಅದರ ಪೂರ್ಣ ರೂಪದಲ್ಲಿ ಕೂತು ನೋಡಲಿಲ್ಲ; ತಿದ್ದಿದವರಿಗೆ ಆ ಆಳದ ಪರಿಚಯವಿರಲಿಲ್ಲ. ಛಂದಸ್ಸು ಕೆಟ್ಟಿದೆಯೆಂದು ಒಂದು ಅಕ್ಷರ ತೆಗೆದ ಸಂಪಾದಕನಿಂದ ಪದ್ಯದ ಅರ್ಥವೇ ಹೋದ ಹಾಗೆ.

ತಿದ್ದುವವನನ್ನು ನಂಬುವುದು ಹೇಗೆ ಎಂಬ ಪ್ರಶ್ನೆಗೆ ಇನ್ನೂ ಆಳವಾದ ಒಂದು ಮಗ್ಗುಲಿದೆ. ಮೂಲ ಸಂಕೇತ ಎಲ್ಲರೂ ಓದಬಹುದಾದದ್ದು ಸರಿ. ಆದರೆ ನಮ್ಮ ಕಂಪ್ಯೂಟರಿಗೆ ಬರುವುದು ಅದರಿಂದ ತಯಾರಾದ ಯಂತ್ರಭಾಷೆಯ ಕಡತ. ಇದು ಅದರಿಂದಲೇ ತಯಾರಾದದ್ದು ಎಂದು ಗೊತ್ತಾಗುವುದು ಹೇಗೆ? ಯುನಿಕ್ಸಿನ ಜನಕರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್, ಟ್ಯೂರಿಂಗ್ ಪ್ರಶಸ್ತಿಯ ಭಾಷಣದಲ್ಲಿ ಈ ಅನುಮಾನವನ್ನು ಎತ್ತಿದ್ದರು. ಅದು ಅಚ್ಚಾದದ್ದು 1984ರಲ್ಲಿ. ಡೆಬಿಯನ್ನಿನಲ್ಲಿ 2013ರಿಂದ ಅದಕ್ಕೆ ಉತ್ತರ ಹುಡುಕುವ ಕೆಲಸ ಶುರುವಾಯಿತು. ಯಾರು, ಎಲ್ಲಿ, ಯಾವಾಗ ಕಟ್ಟಿದರೂ ಒಂದೇ ಮೂಲದಿಂದ ಒಂದು ಬಿಟ್ ಕೂಡ ವ್ಯತ್ಯಾಸವಿಲ್ಲದ ಪ್ಯಾಕೇಜು ಬರಬೇಕು ಎಂಬುದು ಗುರಿ. ಕೇಳಲು ಸರಳ. ಆದರೆ ಕಟ್ಟಿದ ಸಮಯ ಕಡತದೊಳಗೆ ನುಸುಳಿರುತ್ತದೆ, ಫೋಲ್ಡರಿನ ಹೆಸರು ನುಸುಳಿರುತ್ತದೆ, ಕಡತಗಳನ್ನು ಓದುವ ಕ್ರಮ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗಿರುತ್ತದೆ. ಸಾವಿರಾರು ಪ್ಯಾಕೇಜುಗಳಲ್ಲಿ ಇವನ್ನು ಒಂದೊಂದಾಗಿ ಹೆಕ್ಕಿ ಸರಿಪಡಿಸುತ್ತ ಬಂದರು. 2017ರಲ್ಲಿ ಇದು ಡೆಬಿಯನ್ನಿನ ನೀತಿಸಂಹಿತೆಯಲ್ಲೂ ಸೇರಿತು.

ಇಷ್ಟೆಲ್ಲ ಕಾವಲಿದ್ದೂ 2024ರಲ್ಲಿ ಕಳ್ಳ ಬಂದ. ಬಂದದ್ದು ಹಿತ್ತಲಿಂದಲ್ಲ, ಹೆಬ್ಬಾಗಿಲಿಂದ.

ಎಕ್ಸ್‌ಝಡ್ ಎಂಬುದು ಕಡತಗಳನ್ನು ಕುಗ್ಗಿಸುವ ತಂತ್ರಾಂಶ. ಡೆಬಿಯನ್ನಿನ ಪ್ಯಾಕೇಜುಗಳನ್ನು ಒತ್ತಿ ಕಟ್ಟುವುದೇ ಅದರಿಂದ. ಇಷ್ಟು ಮುಖ್ಯವಾದದ್ದನ್ನು ಬಹುಕಾಲ ಒಬ್ಬರೇ ಸ್ವಯಂಸೇವಕರು ನೋಡಿಕೊಳ್ಳುತ್ತಿದ್ದರು. ‘ಜಿಯಾ ಟಾನ್’ ಎಂಬ ಹೆಸರಿನವರೊಬ್ಬರು 2021ರಿಂದ ಅವರ ನೆರವಿಗೆ ಬಂದರು. ಎರಡು ವರ್ಷಕ್ಕೂ ಹೆಚ್ಚು ಕಾಲ ಸಾಚಾ ಕೆಲಸ ಮಾಡಿ, ವಿಶ್ವಾಸ ಗಳಿಸಿ, ಬಿಡುಗಡೆ ಮಾಡುವ ಅಧಿಕಾರವನ್ನೂ ಪಡೆದರು. 2024ರ ಫೆಬ್ರವರಿ, ಮಾರ್ಚ್‌ನಲ್ಲಿ ಬಂದ 5.6.0, 5.6.1 ಆವೃತ್ತಿಗಳಲ್ಲಿ ವಿಷ ಇತ್ತು. ಎಲ್ಲರೂ ಓದುವ ಸಾರ್ವಜನಿಕ ಭಂಡಾರದಲ್ಲಿ ಅದರ ಕೀಲಿಸಾಲು ಇರಲಿಲ್ಲ. ಮೇಂಟೈನರುಗಳು ಪ್ಯಾಕೇಜು ಕಟ್ಟಲು ಎತ್ತಿಕೊಳ್ಳುವ ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇತ್ತು. ಉಳಿದ ಭಾಗ ಪರೀಕ್ಷೆಯ ಕಡತಗಳ ವೇಷದಲ್ಲಿ ಅಡಗಿತ್ತು. ಡೆಬಿಯನ್ ಅಥವಾ ರೆಡ್ ಹ್ಯಾಟ್ ಮಾದರಿಯ ಪ್ಯಾಕೇಜನ್ನು ಕಟ್ಟುತ್ತಿದ್ದಾಗ ಮಾತ್ರ ಅದು ಎಚ್ಚರವಾಗುತ್ತಿತ್ತು. ಅದರ ಗುರಿ, ಸರ್ವರ್‌ಗಳಿಗೆ ದೂರದಿಂದ ಪ್ರವೇಶ ಕೊಡುವ ಎಸ್ಎಸ್ಎಚ್. ಮೂಲ ಎಸ್ಎಸ್ಎಚ್‌ಗೆ ಎಕ್ಸ್‌ಝಡ್‌ನ ಸಂಬಂಧವೇ ಇಲ್ಲ. ವಿತರಣೆಗಳು ತಮ್ಮ ಅನುಕೂಲಕ್ಕೆ ಸೇರಿಸಿದ್ದ ಒಂದು ಪ್ಯಾಚಿನಿಂದಾಗಿ ಸುತ್ತುದಾರಿಯಲ್ಲಿ ಆ ಸಂಬಂಧ ಹುಟ್ಟಿತ್ತು. ಹಾಕಿದವರ ಉದ್ದೇಶ ಇಲ್ಲೂ ಒಳ್ಳೆಯದೇ.

ಯಾರು ಕಟ್ಟಿದರೂ ಒಂದೇ ಫಲ ಬರಬೇಕೆಂಬ ಪರೀಕ್ಷೆಯಿಂದ ಇದು ಸಿಕ್ಕಿಬೀಳುತ್ತಿರಲಿಲ್ಲ. ಮೂಲವೆಂದು ಕೊಟ್ಟದ್ದರಲ್ಲೇ ವಿಷವಿದ್ದರೆ ಎಲ್ಲರೂ ಒಂದೇ ವಿಷವನ್ನು ತಪ್ಪಿಲ್ಲದೆ ಕಟ್ಟುತ್ತಾರೆ. ಸಿಕ್ಕಿಬಿದ್ದದ್ದು ಒಬ್ಬರ ಕುತೂಹಲದಿಂದ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಕೆಲಸಗಾರ ಆಂಡ್ರೆಸ್ ಫ್ರಾಯ್ಂಡ್ ಅವರ ಯಂತ್ರದಲ್ಲಿದ್ದದ್ದು ಡೆಬಿಯನ್ನಿನ ಸಿಡ್. ಎಸ್ಎಸ್ಎಚ್ ಪ್ರವೇಶಕ್ಕೆ ಮೊದಲಿಗಿಂತ ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದು ಅವರ ಗಮನಕ್ಕೆ ಬಂತು. ಕೆಲವು ವಾರಗಳ ಹಿಂದೆ ವ್ಯಾಲ್‌ಗ್ರಿಂಡ್ ಕೊಟ್ಟಿದ್ದ ವಿಚಿತ್ರ ದೂರೊಂದೂ ನೆನಪಾಯಿತು. ಎಳೆ ಹಿಡಿದು ಹೋಗಿ ಮಾರ್ಚ್ 29ರಂದು ಎಲ್ಲವನ್ನೂ ಬಯಲಿಗಿಟ್ಟರು. ಅನ್‌ಸ್ಟೇಬಲ್ ಮತ್ತು ಟೆಸ್ಟಿಂಗ್‌ವರೆಗೆ ಬಂದಿದ್ದ ವಿಷ ಸ್ಟೇಬಲ್ ತಲುಪುವ ಮೊದಲೇ ನಿಂತಿತು. ಗೊಂಬೆ ಮುರಿಯುವ ಹುಡುಗನ ಅಂಗಳ ಇರುವುದು ಇದಕ್ಕೇ.

ಎರಡು ಪ್ರಸಂಗಗಳಲ್ಲೂ ಇರುವುದು ಅದೇ ವ್ಯಾಲ್‌ಗ್ರಿಂಡ್. 2006ರಲ್ಲಿ ಅದರ ಎಚ್ಚರಿಕೆಯನ್ನು ಅಡಗಿಸಲು ಹೋಗಿ ಬೀಗವೇ ಮುರಿಯಿತು. 2024ರಲ್ಲಿ ಅದರ ಎಚ್ಚರಿಕೆಯನ್ನು ಮರೆಯದಿದ್ದವರಿಂದ ಬೀಗ ಉಳಿಯಿತು. ಸಾಧನ ಒಂದೇ, ಅದು ಹೇಳಿದ್ದರ ಮುಂದೆ ಮನುಷ್ಯ ಎಷ್ಟು ಹೊತ್ತು ನಿಂತ ಎಂಬುದು ಬೇರೆ.

ಆ ವಾರ ಡೆಬಿಯನ್ ಎಕ್ಸ್‌ಝಡ್‌ನ ಹಳೆಯ, ಸುರಕ್ಷಿತ ಆವೃತ್ತಿಗೆ ಮರಳಬೇಕಿತ್ತು. ಆದರೆ ಪ್ಯಾಕೇಜಿನ ಸಂಖ್ಯೆ ಹಿಂದಕ್ಕೆ ಹೋಗುವಂತಿಲ್ಲ. ಹೋದರೆ ಬಳಕೆದಾರರ ಕಂಪ್ಯೂಟರುಗಳು ಅದನ್ನು ಹೊಸದೆಂದು ಸ್ವೀಕರಿಸುವುದಿಲ್ಲ. ಇಂಥ ಸಂದರ್ಭಕ್ಕೆ ಒಂದು ರೂಢಿಯಿದೆ. ಅದರಂತೆ ಹೊಸ ಪ್ಯಾಕೇಜಿನ ಸಂಖ್ಯೆಯನ್ನು ಹೀಗೆ ಬರೆದರು: 5.6.1+ರಿಯಲಿ5.4.5-1. ಹೊರಗೆ 5.6.1 ಎಂದಿದ್ದರೂ ಒಳಗಿರುವುದು ನಿಜವಾಗಿ 5.4.5. ಇಷ್ಟು ಕುರೂಪವಾದ, ಇಷ್ಟು ಪ್ರಾಮಾಣಿಕವಾದ ಸಂಖ್ಯೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದಕ್ಕೂ ಇಪ್ಪತ್ತೆಂಟು ವರ್ಷಗಳ ಹಿಂದೆ, ಒಳಗೆ ಏನಿದೆಯೆಂದು ನೋಡದೆ ‘1.0’ ಎಂದು ಹೆಸರು ಕೊಟ್ಟ ಸಿಡಿಗೂ ಇದಕ್ಕೂ ಇರುವ ಅಂತರವೇ ಈ ಕೆಲಸದ ಚರಿತ್ರೆ.

2023ರ ಸೆಪ್ಟೆಂಬರಿನಲ್ಲಿ ಡೆಬಿಯನ್ನಿನ ವಾರ್ಷಿಕ ಸಮ್ಮೇಳನ ಮೊದಲ ಸಲ ಭಾರತಕ್ಕೆ, ಕೊಚ್ಚಿಗೆ ಬಂತು. ನಮ್ಮ ಭಾಷೆಗಳ ಫಾಂಟು, ಕೀಲಿಮಣೆ, ನಿಘಂಟುಗಳನ್ನು ಪ್ಯಾಕೇಜ್ ಮಾಡುವವರೂ ಇದೇ ಬಗೆಯ ಸ್ವಯಂಸೇವಕರು. ನಾನು ಆಗಾಗ ನನ್ನ ಕಂಪ್ಯೂಟರಿನಲ್ಲಿರುವ ಪ್ಯಾಕೇಜುಗಳ ಚೇಂಜ್‌ಲಾಗ್ ತೆರೆದು ಓದುತ್ತೇನೆ. ‘ವಿವರಣೆಯಲ್ಲಿ ಅಕ್ಷರದೋಷ ತಿದ್ದಿದೆ’, ‘ಹಕ್ಕುದಾರರ ಹೆಸರು ಸೇರಿಸಿದೆ’ ಎಂಬಂಥ ಸಾಲುಗಳು. ಕೆಳಗೆ ಒಂದು ಹೆಸರು, ಒಂದು ತಾರೀಖು, ಒಂದು ಹೊತ್ತು. ಎಷ್ಟೋ ಸಲ ಆ ಹೊತ್ತು ಬರೆದವರ ಊರಿನಲ್ಲಿ ನಡುರಾತ್ರಿ ದಾಟಿರುತ್ತದೆ. ಓಲೆಗರಿಯ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರು, ಸಂವತ್ಸರ, ತಿಥಿ ಬರೆದು, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಿ ಎಂದು ಕೇಳಿಕೊಂಡಿರುತ್ತಾನಲ್ಲ, ಹಾಗೆ. ಕಾವ್ಯ ಓದುವ ಭರದಲ್ಲಿ ಆ ಸಾಲನ್ನು ಎಲ್ಲರೂ ದಾಟಿಹೋಗುತ್ತೇವೆ. ಕಾವ್ಯ ನಮ್ಮ ಕೈಗೆ ಬಂದದ್ದು ಅವನು ಕೂತು ಬರೆದದ್ದರಿಂದ.